‘ಸರ್ವರ್ ಡೌನ್’ ಅನ್ನೋದು ಕಾರಣ ಅಲ್ಲ

ಸವಳಂಗದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾರನ್ನಾದರೂ ‘ಸರ್ವರ್ ಅಂದ್ರೆ ಏನು’ ಅಂತ ಕೇಳಿ. ಸರಿಯಾಗಿ ಹೇಳುವವರು ಕಡಿಮೆ. ಅದೇ ಜನರನ್ನು ‘ಸರ್ವರ್ ಡೌನ್ ಅಂದ್ರೆ ಏನು’ ಅಂತ ಕೇಳಿ. ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೂ ಗೊತ್ತು. ಇವತ್ತು ಕೆಲಸ ಆಗಲ್ಲ, ನಾಳೆ ಬನ್ನಿ ಅಂತ ಅರ್ಥ.

ಪಹಣಿ ಬೇಕೇ? ಸರ್ವರ್ ಡೌನ್. ಮಗಳ ಜಾತಿ-ಆದಾಯ ಪ್ರಮಾಣಪತ್ರ? ಸರ್ವರ್ ಡೌನ್. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಒತ್ತಿ ಬೆರಳು ಸವೆದರೂ ಸರ್ವರ್ ಡೌನ್. ಈ ಎರಡು ಪದ ಎಷ್ಟು ಬಲವಾಗಿವೆ ಅಂದರೆ, ಕೇಳಿದ ಮೇಲೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಮಳೆ ಬಂದರೆ ಮಳೆಯನ್ನು ಯಾಕೆ ಬಂದೆ ಅಂತ ಕೇಳುತ್ತೇವೆಯೇ? ಹಾಗೆ ಛತ್ರಿ ಮಡಚಿಕೊಂಡು ವಾಪಸ್ ಬಸ್ ಹತ್ತುತ್ತೇವೆ.

ನನ್ನ ತಕರಾರು ಇಲ್ಲೇ ಇದೆ. ಸರ್ವರ್ ನಿಲ್ಲುವುದು ಮಳೆಯ ಹಾಗಲ್ಲ. ಅದಕ್ಕೆ ಪ್ರತಿ ಸಲವೂ ಒಂದು ಕಾರಣ ಇರುತ್ತದೆ. ಆ ಕಾರಣವನ್ನು ಹೆಚ್ಚಿನ ಸಲ ಯಂತ್ರವೇ ತಾರೀಖು, ಗಂಟೆ, ನಿಮಿಷ, ಸೆಕೆಂಡಿನ ಸಮೇತ ಬರೆದಿಟ್ಟಿರುತ್ತದೆ. ‘ಸರ್ವರ್ ಡೌನ್’ ಅನ್ನುವುದು ‘ಮೈ ಬಿಸಿ ಇದೆ’ ಅಂದ ಹಾಗೆ. ಅದು ರೋಗದ ಹೆಸರಲ್ಲ. ಮೈ ಬಿಸಿ ಇದೆ ಅಂತ ಹೇಳಿ ಕಳಿಸುವ ಡಾಕ್ಟರ ಹತ್ತಿರ ನಾವು ಎರಡನೇ ಸಲ ಹೋಗುತ್ತೇವೆಯೇ?

ಇದನ್ನು ಬರೆಯಲು ಸ್ವಲ್ಪ ಯಂತ್ರದ ಒಳಗೆ ಹೋಗಬೇಕಾಗುತ್ತದೆ. ಹೆದರಬೇಡಿ, ನಮ್ಮ ಡೈರಿ ಲೆಕ್ಕಕ್ಕಿಂತ ಕಷ್ಟದ್ದೇನಲ್ಲ.

ಮೊದಲು ಡೇಟಾಬೇಸ್ ಅಂದರೆ ಏನು ನೋಡೋಣ. ಹಿಂದೆ ಶಾನುಭೋಗರ ಮನೆಯಲ್ಲಿ ಕಡತ ಇರುತ್ತಿತ್ತು. ಆಮೇಲೆ ಅದು ಗ್ರಾಮ ಲೆಕ್ಕಿಗರ ಚೀಲಕ್ಕೆ ಬಂತು. 2000ನೇ ಇಸವಿಯ ಆಸುಪಾಸಿನಲ್ಲಿ ಭೂಮಿ ಯೋಜನೆ ಶುರುವಾಗಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಪಹಣಿ ಸಿಗುತ್ತಿತ್ತು. ಯಾರ ಕೈಕಾಲೂ ಹಿಡಿಯಬೇಕಿರಲಿಲ್ಲ. ದೇಶ ವಿದೇಶದಿಂದ ಜನ ಬಂದು ನೋಡಿ ಹೋದ ಕೆಲಸ ಅದು, ಅದನ್ನು ಹಗುರ ಮಾಡಿ ಮಾತಾಡುವವನು ನಾನಲ್ಲ. ಆ ಕಡತಗಳನ್ನೆಲ್ಲ ಇಟ್ಟುಕೊಂಡು, ಕೇಳಿದವರಿಗೆ ಹುಡುಕಿ ಕೊಡುವ, ತಿದ್ದುಪಡಿ ಬಂದರೆ ಬರೆದುಕೊಳ್ಳುವ ಸಾಫ್ಟ್‌ವೇರೇ ಡೇಟಾಬೇಸ್ ಸರ್ವರ್. ಹೊಸ ಕಾಲದ ಶಾನುಭೋಗ ಅನ್ನಿ. ಮೈಎಸ್‌ಕ್ಯುಎಲ್, ಮಾರಿಯಾಡಿಬಿ, ಪೋಸ್ಟ್‌ಗ್ರೆಸ್, ಒರಾಕಲ್ ಅಂತ ಹಲವು ಹೆಸರಿನ ಶಾನುಭೋಗರಿದ್ದಾರೆ.

ನಿಮ್ಮೂರ ಗ್ರಾಮ ಒನ್ ಕೇಂದ್ರದ ಕಂಪ್ಯೂಟರಿನಲ್ಲಿ ಈ ಶಾನುಭೋಗ ಇಲ್ಲ. ಅವನು ದೂರದ ಡೇಟಾ ಸೆಂಟರಿನಲ್ಲಿ ಕೂತಿದ್ದಾನೆ. ನಿಮ್ಮ ಅರ್ಜಿ ಇಲ್ಲಿಂದ ತಂತಿಯಲ್ಲೋ ಟವರಿನಲ್ಲೋ ಹೋಗಿ, ನಡುವೆ ವೆಬ್‌ಸೈಟಿನ ಸರ್ವರ್ ದಾಟಿ, ಕೊನೆಗೆ ಅವನನ್ನು ಮುಟ್ಟಬೇಕು. ಈ ದಾರಿಯಲ್ಲಿ ಎಲ್ಲಿ ತುಂಡಾದರೂ ಕೌಂಟರಿನಲ್ಲಿ ಬರುವ ಮಾತು ಒಂದೇ. ಟವರ್ ಹೋದರೂ ಸರ್ವರ್ ಡೌನ್, ವೆಬ್‌ಸೈಟ್ ನಿಂತರೂ ಸರ್ವರ್ ಡೌನ್, ಆಪರೇಟರ್ ಊಟಕ್ಕೆ ಹೋದರೂ ಕೆಲವು ಕಡೆ ಸರ್ವರ್ ಡೌನ್. ನಿಜವಾಗಿ ಕಡತ ಕಾಯುವವನೇ ಏಳದೆ ಮಲಗಿದ್ದಾನೋ ಇಲ್ಲವೋ ನಮಗೆ ತಿಳಿಯುವುದಿಲ್ಲ.

ಅವನೇ ಏಳದಿದ್ದರೆ? ಈ ಕೆಲಸದಲ್ಲಿ ಪಳಗಿದವರು ಏನು ಮಾಡುತ್ತಾರೆ ನೋಡಿ.

ಕಂಪ್ಯೂಟರಿಗೆ ‘ಡೇಟಾಬೇಸ್ ಶುರು ಮಾಡು’ ಅಂತ ಹೇಳಿದಾಗ ಅದು ಮೊದಲು ಕೊಡುವ ಉತ್ತರ ‘ಆಗಲಿಲ್ಲ, ಹೆಚ್ಚಿನ ವಿವರಕ್ಕೆ ದಾಖಲೆ ನೋಡಿ’ ಅನ್ನುವ ರೀತಿಯದ್ದು. ಅಂದರೆ ಅಲ್ಲೂ ಒಬ್ಬ ಕೌಂಟರ್ ಗುಮಾಸ್ತ ಇದ್ದಾನೆ! ಹೊಸಬರು ಇಲ್ಲೇ ನಿಲ್ಲುತ್ತಾರೆ. ಮತ್ತೆ ಶುರು ಮಾಡುತ್ತಾರೆ, ಮತ್ತೆ ಆಗಲಿಲ್ಲ ಅನ್ನುತ್ತದೆ, ಹತ್ತು ಸಲ ಅದೇ ಗುಂಡಿ ಒತ್ತುತ್ತಾರೆ. ಪಳಗಿದವರು ಗುಮಾಸ್ತನನ್ನು ಬಿಟ್ಟು ನೇರ ದಾಖಲೆ ಪುಸ್ತಕಕ್ಕೆ ಹೋಗುತ್ತಾರೆ. ಅದಕ್ಕೆ ಲಾಗ್ ಅನ್ನುತ್ತಾರೆ. ಡೇಟಾಬೇಸ್ ತಾನು ಏಳಲು ಪ್ರಯತ್ನಿಸಿದ ಪ್ರತಿ ಹೆಜ್ಜೆಯನ್ನೂ ಅಲ್ಲಿ ಬರೆದಿರುತ್ತದೆ. ಎಲ್ಲಿ ಮುಗ್ಗರಿಸಿತು ಅನ್ನುವುದೂ ಅಲ್ಲೇ ಇರುತ್ತದೆ.

ಇದನ್ನು ಓದುವುದರಲ್ಲೂ ಒಂದು ಗುಟ್ಟಿದೆ. ಕಟ್ಟಕಡೆಯ ಸಾಲಿನಲ್ಲಿ ‘ನಿಲ್ಲಿಸುತ್ತಿದ್ದೇನೆ’ ಅಂತ ಇರುತ್ತದೆ, ಅದರಿಂದ ಉಪಯೋಗವಿಲ್ಲ. ಕೊನೆಯ ಪ್ರಯತ್ನ ಶುರುವಾದ ಸಾಲಿಗೆ ಹೋಗಿ ಅಲ್ಲಿಂದ ಕೆಳಗೆ ಓದುತ್ತ ಬಂದರೆ ಮೊದಲು ಸಿಗುವ ತಪ್ಪು ಯಾವುದೋ ಹೆಚ್ಚಿನ ಸಲ ಅದೇ ಬೇರು. ಅದರ ಕೆಳಗಿನ ಹತ್ತು ಸಾಲು ಬರೀ ಕೊಂಬೆ.

ಬೇರುಗಳು ಹೆಚ್ಚಿಲ್ಲ. ನಮ್ಮ ಹಳ್ಳಿಯ ಕಣಜದ ಲೆಕ್ಕಕ್ಕೆ ಎಲ್ಲವೂ ಸಿಕ್ಕುತ್ತವೆ.

ಜಾಗ ತುಂಬಿರುತ್ತದೆ. ಇದು ತೀರ ಸಾಮಾನ್ಯ ಕಾರಣ, ನಾಚಿಕೆಗೇಡಿನ ಕಾರಣವೂ ಹೌದು. ಕಣಜ ಕಂಠಮಟ್ಟ ತುಂಬಿದ್ದರೆ ಹೊಸ ಜೋಳ ಸುರಿಯಲು ಆಗುತ್ತದೆಯೇ? ಡಿಸ್ಕ್ ತುಂಬಿದರೆ ಡೇಟಾಬೇಸ್ ತನ್ನ ಒಂದು ಚೀಟಿಯನ್ನೂ ಬರೆಯಲಾರದೆ ಕೂತುಬಿಡುತ್ತದೆ. ತುಂಬಿದ್ದು ನಮ್ಮ ಪಹಣಿಯಿಂದ ಇರಲಿಕ್ಕಿಲ್ಲ. ಎಷ್ಟೋ ಸಲ ಯಾರೂ ಅಳಿಸದ ಹಳೆ ಲಾಗುಗಳು, ಹಳೆ ಬ್ಯಾಕಪ್ಪುಗಳೇ ತುಂಬಿಕೊಂಡಿರುತ್ತವೆ. ಡಿಸ್ಕ್ ಒಂದೇ ದಿನದಲ್ಲಿ ತುಂಬುವುದು ಅಪರೂಪ. ತಿಂಗಳುಗಟ್ಟಲೆ ನಿಧಾನಕ್ಕೆ ಏರುತ್ತ ಬಂದಿರುತ್ತದೆ, ನೋಡಬೇಕಾದವರು ನೋಡಿರುವುದಿಲ್ಲ.

ಇಲ್ಲಿ ಒಂದು ಕಥೆ ಹೇಳಲೇಬೇಕು. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸಿನಲ್ಲಿ ಒಂದು ಮುಖ್ಯ ಕಡತಕೋಶದ ಹೆಸರಿನಲ್ಲಿ ‘ಲಾಗ್’ ಅಂತ ಇತ್ತು. ಜಾಗ ತುಂಬಿದಾಗ ಎಷ್ಟೋ ಜನ ‘ಓ ಇದು ಹಳೆ ಲಾಗು, ತೆಗೆದರೆ ಏನಾಗುತ್ತೆ’ ಅಂತ ಅದನ್ನೇ ಅಳಿಸಿ ಇಡೀ ಡೇಟಾಬೇಸನ್ನೇ ಕಳೆದುಕೊಂಡರು. ನಿಜಕ್ಕೂ ಅದರಲ್ಲಿ ಇದ್ದದ್ದು ಇನ್ನೂ ಖಾತೆಗೆ ಏರದ ತಾಜಾ ನಮೂದುಗಳು. ಕೊನೆಗೆ ಅದನ್ನು ಮಾಡಿದವರೇ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಆ ಹೆಸರನ್ನೇ ಬದಲಾಯಿಸಿದರು. ಹೆಸರು ನೋಡಿ ರದ್ದಿ ಅಂತ ತೀರ್ಮಾನ ಮಾಡುವ ಚಾಳಿ ಪ್ರಪಂಚದಲ್ಲೆಲ್ಲ ಇದೆ ಅಂತಾಯಿತು.

ಇನ್ನೊಂದು ಬೇರು: ಕುರ್ಚಿಯಲ್ಲಿ ಆಗಲೇ ಯಾರೋ ಕೂತಿರುತ್ತಾರೆ. ಪ್ರತಿ ಡೇಟಾಬೇಸಿಗೂ ಒಂದು ಕಿಂಡಿ ಸಂಖ್ಯೆ ಇರುತ್ತದೆ. ಮೈಎಸ್‌ಕ್ಯುಎಲ್‌ಗೆ ಸಾಮಾನ್ಯವಾಗಿ 3306, ಪೋಸ್ಟ್‌ಗ್ರೆಸ್‌ಗೆ 5432. ಹಿಂದಿನ ಸಲ ಸರಿಯಾಗಿ ನಿಲ್ಲದ ಹಳೆಯ ಪ್ರಕ್ರಿಯೆಯೇ ಆ ಕಿಂಡಿಯಲ್ಲಿ ಕೂತಿದ್ದರೆ ಹೊಸದಕ್ಕೆ ಜಾಗವಿಲ್ಲ. ಪಾಸ್‌ಬುಕ್ ಹಿಡಿದು ಎರಡು ಜನ ಒಂದೇ ಕುರ್ಚಿಗೆ ಬಂದ ಹಾಗೆ.

ಇನ್ನೊಂದು, ಬೀಗದ ಕೈ ತಪ್ಪಿರುತ್ತದೆ. ಯಾರೋ ಮೇಲಧಿಕಾರಿಯ ಖಾತೆಯಿಂದ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿರುತ್ತಾರೆ. ಕಡತದ ಒಡೆತನ ಮೇಲಧಿಕಾರಿಯ ಹೆಸರಿಗೆ ಹೋಗಿಬಿಟ್ಟಿರುತ್ತದೆ. ಬೆಳಿಗ್ಗೆ ಶಾನುಭೋಗ ಬಂದು ಪೆಟ್ಟಿಗೆ ಮುಟ್ಟಿದರೆ ತೆರೆಯುವುದಿಲ್ಲ. ಕಡತ ಅಲ್ಲೇ ಇದೆ, ಕಣ್ಣಿಗೆ ಕಾಣುತ್ತದೆ, ಓದಲು ಅಪ್ಪಣೆ ಇಲ್ಲ.

ನನಗೆ ಎಲ್ಲಕ್ಕಿಂತ ಆಸಕ್ತಿ ಹುಟ್ಟಿಸಿದ್ದು ಸೆಟ್ಟಿಂಗ್ ಕಡತದ ತಪ್ಪು. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಡೇಟಾಬೇಸ್ ಏಳುವುದಿಲ್ಲ. ಆದರೆ ಓಡುತ್ತಿರುವ ಡೇಟಾಬೇಸ್ ಆ ಕಡತವನ್ನು ಸಾಮಾನ್ಯವಾಗಿ ಮತ್ತೆ ಓದುವುದಿಲ್ಲ, ಏಳುವಾಗ ಮಾತ್ರ ಓದುತ್ತದೆ. ಯುಗಾದಿಗೆ ಯಾರೋ ಒಂದು ಸಾಲು ತಪ್ಪು ಬರೆದಿರುತ್ತಾರೆ. ಸರ್ವರ್ ಮೂರು ತಿಂಗಳು ಆರಾಮಾಗಿ ಓಡುತ್ತದೆ. ಮುಂಗಾರಿನ ಗುಡುಗಿಗೆ ಒಂದು ಸಂಜೆ ಕರೆಂಟ್ ಹೋಗಿ ಬಂದಾಗ ಏಳುವುದಿಲ್ಲ. ಎಲ್ಲರೂ ಕರೆಂಟಿನವರಿಗೆ ಬೈಯುತ್ತಾರೆ. ತಪ್ಪು ನಡೆದ ದಿನ ಬೇರೆ, ಅದು ಕಾಣಿಸಿಕೊಂಡ ದಿನ ಬೇರೆ. ಲಾಗ್ ಓದದಿದ್ದರೆ ಇದು ಯಾರಿಗೂ ಗೊತ್ತಾಗುವುದೇ ಇಲ್ಲ.

ಹಾಗಂತ ಕರೆಂಟ್ ಪೂರ್ತಿ ನಿರಪರಾಧಿಯೂ ಅಲ್ಲ. ಬರೆಯುತ್ತಿದ್ದಾಗ ತಟ್ಟನೆ ಹೋದರೆ ಅರ್ಧ ಬರೆದ ಸಾಲುಗಳು ಉಳಿಯುತ್ತವೆ. ಒಳ್ಳೆಯ ಡೇಟಾಬೇಸುಗಳು ಇದಕ್ಕೆ ತಯಾರಾಗಿಯೇ ಇರುತ್ತವೆ. ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಗದ್ದಲದಲ್ಲಿ ಮೊದಲು ಕಚ್ಚಾ ಪುಸ್ತಕಕ್ಕೆ ಲೀಟರ್, ಫ್ಯಾಟ್ ಬರೆದುಕೊಂಡು ಆಮೇಲೆ ಖಾತೆಗೆ ಏರಿಸುತ್ತಾರಲ್ಲ, ಹಾಗೆ. ಮೊದಲು ಕಚ್ಚಾ ನಮೂದು, ಆಮೇಲೆ ಖಾತೆ. ಕರೆಂಟ್ ಹೋಗಿ ಬಂದ ಮೇಲೆ ಡೇಟಾಬೇಸ್ ಕಚ್ಚಾ ಪುಸ್ತಕ ತೆಗೆದು, ಪೂರ್ತಿಯಾದ ವ್ಯವಹಾರವನ್ನು ಖಾತೆಗೆ ಹಾಕಿ, ಅರ್ಧಕ್ಕೆ ನಿಂತದ್ದನ್ನು ಹೊಡೆದುಹಾಕಿ, ಲೆಕ್ಕ ಸರಿಮಾಡಿಕೊಂಡು ಏಳುತ್ತದೆ. ದೊಡ್ಡ ಡೇಟಾಬೇಸಿಗೆ ಇದು ಎರಡು ನಿಮಿಷ ಆಗಬಹುದು, ಎರಡು ಗಂಟೆಯೂ ಆಗಬಹುದು. ಆ ಹೊತ್ತಿನಲ್ಲಿ ಅದು ಸತ್ತಂತೆ ಕಾಣುತ್ತದೆ. ತಾಳ್ಮೆ ಇಲ್ಲದವರು ಮತ್ತೆ ಸ್ವಿಚ್ ಆರಿಸುತ್ತಾರೆ. ಅದು ಮತ್ತೆ ಮೊದಲಿನಿಂದ ಲೆಕ್ಕ ಶುರು ಮಾಡುತ್ತದೆ.

ಕೊನೆಯದು ಕಡತವೇ ಕೆಟ್ಟಿರುವುದು. ಡಿಸ್ಕಿಗೆ ಹುಳ ಬಿದ್ದಿರುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ಇದಕ್ಕೆ ಬಲವಂತದ ಎಬ್ಬಿಸುವಿಕೆ ಅಂತ ಒಂದು ಉಪಾಯ ಇದೆ, 1ರಿಂದ 6ರವರೆಗೆ ಮಟ್ಟಗಳು. 1ರಿಂದ ಶುರು ಮಾಡಿ ಒಂದೊಂದೇ ಏರಿಸಬೇಕು. 4 ಅಥವಾ ಅದಕ್ಕಿಂತ ಮೇಲಿನ ಮಟ್ಟಕ್ಕೆ ಹೋದರೆ ಮಾಹಿತಿ ಶಾಶ್ವತವಾಗಿ ಹಾಳಾಗಬಹುದು ಅಂತ ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಅದು ಡೇಟಾಬೇಸನ್ನು ಗುಣಪಡಿಸುವ ಔಷಧಿಯೂ ಅಲ್ಲ. ಕಷ್ಟಪಟ್ಟು ಕಣ್ಣು ಬಿಡಿಸಿ, ಒಳಗಿರುವ ಮಾಹಿತಿಯನ್ನು ಹೊರಗೆ ನಕಲು ತೆಗೆದುಕೊಳ್ಳಲು ಮಾತ್ರ.

ಇಷ್ಟೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಏನನ್ನೂ ಮುಟ್ಟುವ ಮೊದಲು, ಡೇಟಾಬೇಸ್ ನಿಂತಿರುವಾಗಲೇ, ಅದರ ಇಡೀ ಕಡತಕೋಶವನ್ನು ಬೇರೆ ಡಿಸ್ಕಿಗೆ ನಕಲು ಮಾಡಿಡಬೇಕು. ಯೂಟ್ಯೂಬಿನಲ್ಲಿ ‘ಈ ಫೈಲ್ ಡಿಲೀಟ್ ಮಾಡಿ, ಎರಡೇ ನಿಮಿಷದಲ್ಲಿ ಸರಿಯಾಗುತ್ತೆ’ ಅನ್ನುವ ವಿಡಿಯೋಗಳು ಬೇಕಾದಷ್ಟಿವೆ. ಸರಿಯಾಗುತ್ತದೆ ನಿಜ, ಡೇಟಾಬೇಸ್ ಏಳುತ್ತದೆ. ಒಳಗೆ ಏನೂ ಇರುವುದಿಲ್ಲ. ನಮ್ಮ ಕಡೆ ಗೊಬ್ಬರದ ಅಂಗಡಿ, ಅಡಿಕೆ ಮಂಡಿ, ಮೆಡಿಕಲ್ ಶಾಪುಗಳ ಬಿಲ್ಲಿಂಗ್ ಕಂಪ್ಯೂಟರುಗಳಲ್ಲಿ ಇಂಥ ಸಣ್ಣ ಡೇಟಾಬೇಸುಗಳು ಎಷ್ಟೋ ಇವೆ. ಅಂಗಡಿಯವರು ಓದುತ್ತಿದ್ದರೆ ಈ ಒಂದು ಪ್ಯಾರಾ ಮಾತ್ರ ನೆನಪಿಟ್ಟುಕೊಂಡರೂ ಸಾಕು.

ಗಾಬರಿಯಲ್ಲಿ ಕೈ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಗಿಟ್‌ಲ್ಯಾಬ್ ಕಂಪನಿ ಉದಾಹರಣೆ. ಜಗತ್ತಿನ ಪ್ರೋಗ್ರಾಮರುಗಳು ತಮ್ಮ ಕೆಲಸ ಇಡುವ ತಾಣ ಅದು. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರ್ ಒಬ್ಬರು ಡೇಟಾಬೇಸ್ ತೊಂದರೆ ಸರಿಮಾಡಲು ಹೋಗಿ, ಖಾಲಿ ಮಾಡಬೇಕಿದ್ದ ಸರ್ವರ್ ಬಿಟ್ಟು ಓಡುತ್ತಿದ್ದ ಮುಖ್ಯ ಸರ್ವರಿನ ಕಡತಕೋಶವನ್ನೇ ಅಳಿಸಿಬಿಟ್ಟರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಇದ್ದದ್ದು 4.5 ಜಿಬಿಗೆ ಬಂದಿತ್ತು. ಬ್ಯಾಕಪ್ ಹುಡುಕಿದರೆ, ಐದು ಬಗೆಯ ವ್ಯವಸ್ಥೆಗಳಲ್ಲಿ ಒಂದೂ ನೆಚ್ಚಿಕೊಳ್ಳುವ ಹಾಗೆ ಕೆಲಸ ಮಾಡುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದೆ ಕೈಯಾರೆ ತೆಗೆದಿದ್ದ ಒಂದು ನಕಲು ಸಿಕ್ಕಿತು. ಆರು ಗಂಟೆಯ ದಾಖಲೆ ಹೋಯಿತು.

ತಪ್ಪು ಯಾರಿಂದಲೂ ಆಗುತ್ತದೆ. ಆಮೇಲೆ ಅವರು ಮಾಡಿದ್ದನ್ನು ಗಮನಿಸಿ. ಏನಾಯಿತು, ಈಗ ಏನು ಮಾಡುತ್ತಿದ್ದೇವೆ ಅಂತ ಎಲ್ಲರೂ ಓದಬಹುದಾದ ಕಡತದಲ್ಲಿ ಆಗಿಂದಾಗ್ಗೆ ಬರೆಯುತ್ತ ಹೋದರು. ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿದರು. ಗಿರಾಕಿಗಳು ಸಿಟ್ಟಾದರೂ ಬಿಟ್ಟು ಓಡಿಹೋಗಲಿಲ್ಲ. ಆ ಎಂಜಿನಿಯರನ್ನು ಬೀದಿಗೆ ಎಳೆಯಲೂ ಇಲ್ಲ.

ಈಗ ನಮ್ಮ ರಾಜ್ಯಕ್ಕೆ ಬನ್ನಿ. ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ 2023ರಲ್ಲಿ ಬಂತು. ಮನೆಯಿಂದಲೇ ಅರ್ಜಿ ಹಾಕಿ, ಸಮಯ ಗೊತ್ತುಮಾಡಿಕೊಂಡು ಉಪನೋಂದಣಿ ಕಚೇರಿಗೆ ಹೋದರೆ ಸಾಕು ಅನ್ನುವ ಒಳ್ಳೆಯ ವ್ಯವಸ್ಥೆ. 2024ರ ಡಿಸೆಂಬರಿನಿಂದ ಅದು ಕುಂಟತೊಡಗಿತು, 2025ರ ಜನವರಿಯಲ್ಲಿ ಪದೇ ಪದೇ ನಿಂತಿತು. ಜಮೀನು ಮಾರುವವರು, ಕೊಳ್ಳುವವರು, ಸಾಕ್ಷಿಗೆ ಅಂತ ಕರೆತಂದ ನೆಂಟರು ಎಲ್ಲರೂ ಕಚೇರಿಗಳ ಮುಂದೆ ಕಾದು ಕಾದು ವಾಪಸ್ ಹೋದರು. ಕೇಳಿದವರಿಗೆ ಸಿಕ್ಕ ಉತ್ತರ ನಿಮಗೆ ಗೊತ್ತೇ ಇದೆ.

ಫೆಬ್ರವರಿಯಲ್ಲಿ ಪೊಲೀಸ್ ದೂರು ದಾಖಲಾದ ಮೇಲೆ ಕಾರಣ ಹೊರಬಂತು. ಸರ್ವರ್ ತಾನಾಗಿ ಕೆಟ್ಟಿರಲಿಲ್ಲ. ಯಾರೋ ನಕಲಿ ಖಾತೆಗಳನ್ನು ತೆರೆದು, ಋಣಭಾರ ಪತ್ರ ಹುಡುಕುವ ನೆಪದಲ್ಲಿ ಲಕ್ಷಗಟ್ಟಲೆ ಸುಳ್ಳು ಕೋರಿಕೆಗಳನ್ನು ಯಂತ್ರದಿಂದ ಸುರಿಸಿದ್ದರು. ಜಾತ್ರೆಯ ಪ್ರಸಾದದ ಸಾಲಿನಲ್ಲಿ ನೂರಾರು ಬಾಡಿಗೆ ಜನರನ್ನು ನಿಲ್ಲಿಸಿ ನಿಜವಾದ ಭಕ್ತರು ಬಾಗಿಲಿಗೇ ಬರದಂತೆ ಮಾಡುವ ಹಾಗೆ. ಇದಕ್ಕೆ ಡಿಡಾಸ್ ದಾಳಿ ಅನ್ನುತ್ತಾರೆ.

ಗಮನಿಸಿ, ಇಲ್ಲಿ ಡೇಟಾಬೇಸನ್ನು ಎಬ್ಬಿಸಿ ಕೂರಿಸಿದರೆ ಪ್ರಯೋಜನವಿಲ್ಲ. ಎದ್ದ ತಕ್ಷಣ ಮತ್ತೆ ಅದೇ ಗುಂಪು ಮೈಮೇಲೆ ಬೀಳುತ್ತದೆ. ಬಾಗಿಲಲ್ಲಿ ಕಾವಲು ಹಾಕಬೇಕು. ಡಿಸ್ಕ್ ತುಂಬಿದ್ದರೆ ಕಾವಲು ಹಾಕಿ ಏನು ಮಾಡುವುದು, ಜಾಗ ಮಾಡಬೇಕು. ಕರೆಂಟ್ ಹೋಗಿ ಬಂದದ್ದಾದರೆ ಸುಮ್ಮನೆ ಕಾಯಬೇಕು. ಕಾರಣ ಬೇರೆಯಾದರೆ ಮದ್ದು ಬೇರೆ, ಹಿಡಿಯುವ ಸಮಯವೂ ಬೇರೆ. ‘ನಾಳೆ ಬನ್ನಿ’ ಅನ್ನುವ ಮಾತು ಇದರಲ್ಲಿ ಯಾವುದಕ್ಕೆ ಸರಿ? ಕಚ್ಚಾ ಪುಸ್ತಕದ ಲೆಕ್ಕ ನಡೆಯುತ್ತಿದ್ದರೆ ನಾಳೆ ಯಾಕೆ, ಮಧ್ಯಾಹ್ನಕ್ಕೇ ಕೆಲಸ ಆಗಬಹುದು, ಜನ ಅಲ್ಲೇ ಚಹಾ ಕುಡಿದು ಕೂರುತ್ತಾರೆ. ದಾಳಿ ನಡೆಯುತ್ತಿದ್ದರೆ ನಾಳೆಯೂ ಆಗುವುದಿಲ್ಲ, ಈ ವಾರ ಬರಲೇಬೇಡಿ ಅಂತ ಹೇಳುವುದು ಮರ್ಯಾದೆ.

ನಮ್ಮ ಕಡೆಯವರಿಗೆ ಒಂದು ಸಲ ಹೋಗಿ ಬರುವುದು ಅಂದರೆ ಏನು ಅಂತ ವಿಧಾನಸೌಧದಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಸವಳಂಗದ ಸುತ್ತಿನ ಹಳ್ಳಿಯವರು ನ್ಯಾಮತಿಗೋ ಹೊನ್ನಾಳಿಗೋ ಹೋಗಬೇಕು. ನ್ಯಾಮತಿ ತಾಲ್ಲೂಕು ಆದ ಮೇಲೆ ಎಷ್ಟೋ ಕೆಲಸ ಹತ್ತಿರವಾಗಿದೆ, ಒಪ್ಪಿದೆ. ಆದರೂ ಒಂದು ದಿನದ ಕೂಲಿ ಹೋಯಿತು, ಬಸ್ಸಿಗೆ ಕಾಯುವುದು ಬೇರೆ, ಮೆಕ್ಕೆಜೋಳಕ್ಕೆ ಗೊಬ್ಬರ ಕೊಡುವ ದಿನ ತಪ್ಪಿತು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಟಿಕೆಟ್ ದುಡ್ಡು ಉಳಿದಿರಬಹುದು, ದಿನ ಉಳಿಯಲಿಲ್ಲ. ಬೆಳೆ ವಿಮೆಯ ಕೊನೆಯ ದಿನ, ಕಾಲೇಜು ಸೀಟಿಗೆ ಪ್ರಮಾಣಪತ್ರ ಕೊಡುವ ಕೊನೆಯ ದಿನ ಸರ್ವರಿಗಾಗಿ ಕಾಯುವುದಿಲ್ಲ. ಅಂಥ ಕೊನೆಯ ದಿನಗಳಲ್ಲೇ ಎಲ್ಲರೂ ಒಟ್ಟಿಗೆ ನುಗ್ಗುವುದರಿಂದ ಅದೇ ದಿನಗಳಲ್ಲಿ ಅದು ಹೆಚ್ಚು ನಿಲ್ಲುತ್ತದೆ ಅನ್ನುವುದು ಬೇರೆ ಮಾತು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಸಕಾಲ ಅಂತ ಒಂದು ಕಾನೂನು ನಮ್ಮಲ್ಲಿದೆ. 2011ರಲ್ಲಿ ಆಗಿ, 2012ರ ಏಪ್ರಿಲ್‌ನಿಂದ ಇಡೀ ರಾಜ್ಯಕ್ಕೆ ಬಂತು. ಇಂಥ ಸೇವೆ ಇಷ್ಟು ದಿನದೊಳಗೆ ಕೊಡಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ ಕೇಳುವ ಹಕ್ಕಿದೆ. ತಪ್ಪಿತಸ್ಥ ಅಧಿಕಾರಿಯ ಸಂಬಳದಿಂದ ಅದು ಕಡಿತವಾಗಬೇಕು. ಒಳ್ಳೆಯ ಕಾನೂನು. ಆದರೆ ದಿನದ ಲೆಕ್ಕ ಶುರುವಾಗುವುದು ಯಾವಾಗ? ಅರ್ಜಿ ತೆಗೆದುಕೊಂಡು ಸಕಾಲ ಸಂಖ್ಯೆಯ ಸ್ವೀಕೃತಿ ಕೊಟ್ಟ ಮೇಲೆ. ಆ ಸಂಖ್ಯೆ ಕೊಡುವುದು ಯಾರು? ಕಂಪ್ಯೂಟರ್. ಸರ್ವರ್ ಡೌನ್ ಆದರೆ ಸಂಖ್ಯೆ ಹುಟ್ಟುವುದಿಲ್ಲ. ಸಂಖ್ಯೆ ಇಲ್ಲದಿದ್ದರೆ ನೀವು ಆ ದಿನ ಕಚೇರಿಗೆ ಬಂದೇ ಇಲ್ಲ!

ಮೂರು ದಿನ ಅಲೆದು ನಾಲ್ಕನೇ ದಿನ ಅರ್ಜಿ ಕೊಟ್ಟವರ ಕೆಲಸ ಗಡುವಿನೊಳಗೆ ಮುಗಿದರೆ, ದಾಖಲೆಯಲ್ಲಿ ಅದು ಸಕಾಲದಲ್ಲಿ ಆದ ಕೆಲಸ. ಆ ಮೂರು ದಿನ ಎಲ್ಲಿ ಹೋದವು? ಯಾವ ಪುಸ್ತಕದಲ್ಲೂ ಇಲ್ಲ. ಕೆಟ್ಟ ಸರ್ವರ್ ಕೂಡ ತಾನು ಎಷ್ಟು ಗಂಟೆಗೆ, ಯಾಕೆ ಬಿದ್ದೆ ಅಂತ ಬರೆದಿಡುತ್ತದೆ. ಅದರ ಮುಂದೆ ಕಾದು ಹೋದ ಮನುಷ್ಯರ ಲಾಗ್ ಮಾತ್ರ ಇಲ್ಲ.

ನಾನು ಕೇಳುವುದು ಖರ್ಚಿಲ್ಲದ ಕೆಲಸ. ಸರ್ವರ್ ನಿಂತ ದಿನ ಬಂದವರಿಗೆಲ್ಲ ಒಂದು ಮುದ್ರೆ ಒತ್ತಿದ ಚೀಟಿ ಕೊಡಿ. ಹೆಸರು, ಕೆಲಸ, ತಾರೀಖು, ಗಂಟೆ, ಕ್ರಮಸಂಖ್ಯೆ, ಅಷ್ಟೇ. ಸಕಾಲದ ಲೆಕ್ಕ ಆ ಚೀಟಿಯ ದಿನದಿಂದ ಶುರುವಾಗಲಿ. ಕೊನೆಯ ದಿನಾಂಕಗಳಿಗೂ ಆ ಚೀಟಿ ನಡೆಯಲಿ. ಬಾಗಿಲಲ್ಲಿ ಒಂದು ಕರಿಹಲಗೆ ಇಟ್ಟು ಎಷ್ಟು ಗಂಟೆಯಿಂದ ನಿಂತಿದೆ, ಯಾಕೆ, ಯಾವಾಗ ಬರಬಹುದು ಅಂತ ಸೀಮೆಸುಣ್ಣದಲ್ಲಿ ಬರೆಯಿರಿ. ಕಾರಣ ಇನ್ನೂ ಗೊತ್ತಿಲ್ಲದಿದ್ದರೆ ‘ಕಾರಣ ಗೊತ್ತಾಗಿಲ್ಲ’ ಅಂತಲೇ ಬರೆಯಿರಿ, ಅದೂ ಒಂದು ಸುದ್ದಿ.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. ಕೌಂಟರಿನ ಹುಡುಗ ‘ಸಾರ್, ನಂಗೂ ಗೊತ್ತಿಲ್ಲ, ಇಲ್ಲಿ ಬರೀ ಸುತ್ತುತ್ತೆ’ ಅನ್ನುತ್ತಾನೆ. ನಿಜ, ಅವನಿಗೆ ಗೊತ್ತಿಲ್ಲ. ಗ್ರಾಮ ಒನ್ ಮೊದಲು ಪ್ರಯೋಗಕ್ಕೆ ಬಂದದ್ದೇ ನಮ್ಮ ದಾವಣಗೆರೆ ಜಿಲ್ಲೆಯಲ್ಲಿ. ಅದನ್ನು ನಡೆಸುವವರು ನಮ್ಮದೇ ಊರಿನ ಹುಡುಗ ಹುಡುಗಿಯರು. ಅರ್ಜಿ ಆದರೆ ಕಮಿಷನ್, ಆಗದಿದ್ದರೆ ಬೈಗುಳ. ಅವರ ಮೇಲೆ ರೇಗಿ ಪ್ರಯೋಜನವಿಲ್ಲ. ಕಾರಣ ಮೇಲಿನಿಂದ ಬರಬೇಕು. ಅರ್ಜಿದಾರರಿಗೆ ಒಟಿಪಿ ಕಳಿಸಲು ಬರುವವರಿಗೆ, ಎಲ್ಲ ಕೇಂದ್ರಗಳಿಗೂ ‘ಡಿಸ್ಕ್ ತುಂಬಿದೆ, ಮಧ್ಯಾಹ್ನ 3ಕ್ಕೆ ಸರಿಯಾಗುತ್ತದೆ’ ಅಂತ ಒಂದು ಎಸ್ಸೆಮ್ಮೆಸ್ ಕಳಿಸಲು ಬರುವುದಿಲ್ಲವೇ?

ಇನ್ನೊಂದು ಉತ್ತರ ಭದ್ರತೆಯದ್ದು. ಕಾರಣ ಹೇಳಿದರೆ ಹ್ಯಾಕರ್‌ಗಳಿಗೆ ಅನುಕೂಲ ಅನ್ನುತ್ತಾರೆ. ಗಿಟ್‌ಲ್ಯಾಬಿನವರಷ್ಟು ಬಿಚ್ಚಿ ಹೇಳಿ ಅಂತ ನಾನು ಕೇಳುತ್ತಿಲ್ಲ. ಪಾಸ್‌ವರ್ಡ್ ಬೇಡ, ಸರ್ವರಿನ ವಿಳಾಸ ಬೇಡ. ಜಾಗ ತುಂಬಿದೆ, ಕರೆಂಟ್ ಹೋಗಿತ್ತು, ದಾಳಿ ನಡೆಯುತ್ತಿದೆ ಅನ್ನುವ ಎರಡು ಪದ ಹೇಳಿದರೆ ಯಾವ ಕಳ್ಳನಿಗೂ ಬೀಗದ ಕೈ ಸಿಗುವುದಿಲ್ಲ. ದಾಳಿ ಮಾಡುವವನಿಗೆ ದಾಳಿ ನಡೆಯುತ್ತಿರುವುದು ನಮಗಿಂತ ಮೊದಲೇ ಗೊತ್ತು.

ಕಾಗದದಲ್ಲಿ ಅರ್ಜಿ ತೆಗೆದುಕೊಳ್ಳುವುದು ಹಿಂದಕ್ಕೆ ಹೋದಂತೆ ಅನ್ನುವವರೂ ಇದ್ದಾರೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳನ್ನು ದಾಳಿಕೋರರು ಬೀಗ ಹಾಕಿದರು. ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲಿ ಒಂದು ಅದು. ಸುಮಾರು ಎರಡು ವಾರ ಹೊರರೋಗಿ ಚೀಟಿ, ದಾಖಲಾತಿ, ಲ್ಯಾಬ್ ವರದಿ ಎಲ್ಲವನ್ನೂ ಕೈಯಲ್ಲಿ ಬರೆದು ನಡೆಸಿದರು. ನಿಧಾನವಾಯಿತು, ಗೋಳಾಯಿತು, ಆದರೆ ರೋಗಿಗಳಿಗೆ ನಾಳೆ ಬನ್ನಿ ಅಂತ ಬಾಗಿಲು ಹಾಕಲಿಲ್ಲ. ಅಲ್ಲಿ ಆಗುವುದಾದರೆ ಒಂದು ಆದಾಯ ಪ್ರಮಾಣಪತ್ರದ ಅರ್ಜಿಯನ್ನು ಇಲ್ಲಿ ಕಾಗದದಲ್ಲಿ ತೆಗೆದುಕೊಂಡು ಸಂಜೆ ಕಂಪ್ಯೂಟರಿಗೆ ಏರಿಸಲು ಏನು ಅಡ್ಡಿ?

ಸರ್ಕಾರದ ಸರ್ವರ್ ದೂರದಲ್ಲಿದೆ, ಸರಿ. ನಮ್ಮ ಕೈಗೆ ಸಿಗುವ ಡೇಟಾಬೇಸುಗಳೂ ಇವೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ದೇಶದ 63,000 ಸಂಘಗಳು, 2,516 ಕೋಟಿ ರೂಪಾಯಿ. ನಮ್ಮ ಸೊಸೈಟಿಯ ಸಾಲದ ಖಾತೆ, ಷೇರು, ಠೇವಣಿ ಎಲ್ಲ ಹೀಗೆ ಕಡತ ಬಿಟ್ಟು ಡೇಟಾಬೇಸಿಗೆ ಹೋಗುತ್ತಿವೆ. ಹಾಲಿನ ಡೈರಿಯ ಲೆಕ್ಕ ಎಷ್ಟೋ ಕಡೆ ಆಗಲೇ ಕಂಪ್ಯೂಟರಿನಲ್ಲಿದೆ. ವಾರ್ಷಿಕ ಮಹಾಸಭೆಯಲ್ಲಿ ನಾವು ಲಾಭಾಂಶ ಎಷ್ಟು, ಊಟಕ್ಕೆ ಏನು ಅಂತ ಕೇಳುತ್ತೇವೆ. ಈ ಸಲ ಒಬ್ಬರು ಎದ್ದು ನಿಂತು ಕೇಳಿ: ನಮ್ಮ ಲೆಕ್ಕದ ಬ್ಯಾಕಪ್ ಎಲ್ಲಿದೆ? ಅದೇ ಕಂಪ್ಯೂಟರಿನಲ್ಲೋ, ಬೇರೆ ಕಡೆಯೋ? ಅದನ್ನು ವಾಪಸ್ ತೆರೆದು ನೋಡಿದ್ದು ಕೊನೆಯ ಸಲ ಯಾವಾಗ?

ಮೂರನೆಯ ಪ್ರಶ್ನೆಗೇ ಎಲ್ಲರೂ ತಡವರಿಸುವುದು. ತೆರೆದು ನೋಡದ ಬ್ಯಾಕಪ್ಪು ಮೊಳಕೆ ಪರೀಕ್ಷೆ ಮಾಡದ ಬಿತ್ತನೆ ಬೀಜದ ಹಾಗೆ, ಬಿತ್ತಿದ ಮೇಲೇ ಗೊತ್ತಾಗುವುದು. ದಕ್ಷಿಣ ಕೊರಿಯಾ ಅಂದರೆ ನಮ್ಮ ಕೈಯಲ್ಲಿರುವ ಎಷ್ಟೋ ಫೋನುಗಳ ಕಂಪನಿಯ ದೇಶ. 2025ರ ಸೆಪ್ಟೆಂಬರ್ 26ರಂದು ಅಲ್ಲಿನ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಬ್ಯಾಟರಿಗೆ ಬೆಂಕಿ ಬಿದ್ದು 600ಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ನಿಂತವು. ಅದರಲ್ಲಿ ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಒಂದು ಭಂಡಾರದ 858 ಟೆರಾಬೈಟ್ ಮಾಹಿತಿಗೆ ಹೊರಗೆ ಎಲ್ಲೂ ನಕಲೇ ಇರಲಿಲ್ಲ. ಅಷ್ಟು ಮುಂದುವರಿದವರ ಕಥೆಯೇ ಹೀಗಾದರೆ, ಟೇಬಲ್ ಕೆಳಗೆ ಒಂದು ಹಳೆ ಯುಪಿಎಸ್ ಇಟ್ಟುಕೊಂಡ ನಮ್ಮ ಸೊಸೈಟಿಯನ್ನು ಕೇಳದೆ ಬಿಡುವುದು ಹೇಗೆ?

ಸರ್ಕಾರಿ ಸರ್ವರುಗಳ ಬಗ್ಗೆ ಕೇಳಲು ಮಹಾಸಭೆ ಇಲ್ಲ, ಆದರೆ ಮಾಹಿತಿ ಹಕ್ಕು ಇದೆ. ಈ ಬ್ಲಾಗಿನ ಓದುಗರಲ್ಲಿ ಹತ್ತು ಜನ ಹತ್ತು ಇಲಾಖೆಗೆ ಹಾಕಿದರೂ ಸಾಕು, ಉತ್ತರಗಳನ್ನು ಇಲ್ಲೇ ಒಟ್ಟಿಗೆ ಹಾಕೋಣ. ಬಿಳಿ ಹಾಳೆ, 10 ರೂಪಾಯಿಯ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಉತ್ತರಕ್ಕೆ 30 ದಿನ. ಹೀಗೆ ಬರೆಯಿರಿ:

‘ಕಳೆದ 12 ತಿಂಗಳಲ್ಲಿ ತಮ್ಮ ಇಲಾಖೆಯ ಆನ್‌ಲೈನ್ ಸೇವೆಯ ಸರ್ವರ್ ಅಥವಾ ಡೇಟಾಬೇಸ್ ಸ್ಥಗಿತಗೊಂಡ ಪ್ರತಿ ಸಂದರ್ಭದ ದಿನಾಂಕ, ಸ್ಥಗಿತಗೊಂಡ ಸಮಯ, ಮತ್ತೆ ಆರಂಭವಾದ ಸಮಯ ಹಾಗೂ ದಾಖಲಾದ ಕಾರಣವನ್ನು ಒದಗಿಸುವುದು. ಬ್ಯಾಕಪ್ಪಿನಿಂದ ಮಾಹಿತಿಯನ್ನು ಮರಳಿ ಪಡೆದು ಪರೀಕ್ಷಿಸಿದ ದಿನಾಂಕಗಳನ್ನು ಒದಗಿಸುವುದು.’

ಪದ ಎಣಿಸಿದ್ದೇನೆ, 150ರ ಹತ್ತಿರಕ್ಕೂ ಹೋಗುವುದಿಲ್ಲ. ಆನ್‌ಲೈನಿನಲ್ಲೂ ಹಾಕಬಹುದು, ಆದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಆನ್‌ಲೈನ್ ಅರ್ಜಿ ಹಾಕುವ ದಿನ ಅದರ ಸರ್ವರ್ ಹೇಗಿರುತ್ತದೋ ಹೇಳಲಾಗದು.